ಚದುರಂಗದ ಯಂತ್ರಗಳೂ ಹೋಲಿಕೆಯ ಹದವೂ

2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಲೆಕ್ಕ ಹಾಕಿದವರು, ಉಸೇನ್ ಬೋಲ್ಟರ 9.58ರ ದಾಖಲೆ ಮುರಿಯಿತೆಂದು ಸಂಭ್ರಮಿಸಿದರು. ಕೆಸರುಗದ್ದೆಯಲ್ಲಿ ಕೋಣಗಳ ವೇಗಕ್ಕೆ ಹೊಂದಿಕೊಂಡ ಓಟವೇ ಬೇರೆ, ಒಣ ಟ್ರ್ಯಾಕಿನ ಒಂಟಿ ಓಟವೇ ಬೇರೆ. ಗೌಡರ ಸಾಮರ್ಥ್ಯದಲ್ಲಿ ಸಂಶಯವಿರಲಿಲ್ಲ, ಹೋಲಿಕೆಯಲ್ಲಿ ಹುರುಳಿರಲಿಲ್ಲ.

ಕಂಪ್ಯೂಟರ್ ಚದುರಂಗದ ಲೋಕವೂ ಇಂಥದೇ ಸಂಭ್ರಮವನ್ನು ಕಂಡಿದೆ. 2017ರ ಡಿಸೆಂಬರಿನಲ್ಲಿ ಗೂಗಲ್ ಒಡೆತನದ ಡೀಪ್‌ಮೈಂಡ್, ತನ್ನ ಆಲ್ಫಾಜೀರೊ ತಂತ್ರಾಂಶವು ಸ್ಟಾಕ್‌ಫಿಶ್ ವಿರುದ್ಧದ ನೂರು ಆಟಗಳಲ್ಲಿ 28 ಗೆದ್ದು, 72 ಡ್ರಾ ಮಾಡಿಕೊಂಡು, ಒಂದನ್ನೂ ಸೋಲಲಿಲ್ಲವೆಂದು ಪ್ರಕಟಿಸಿತು. ಜಗತ್ತು ಬೆರಗಾಯಿತು. ಬಲ್ಲವರು ಮಾತ್ರ ಪಂದ್ಯದ ನಿಯಮಗಳನ್ನು ಓದಿದರು. ಕಠಿಣ ಘಟ್ಟಕ್ಕೆಂದು ಸಮಯ ಉಳಿಸಿಕೊಳ್ಳಬಲ್ಲ ಸ್ಟಾಕ್‌ಫಿಶ್‌ಗೆ ಪ್ರತಿ ನಡೆಗೂ ತಲಾ ಒಂದು ನಿಮಿಷವೆಂಬ ಕಟ್ಟು ವಿಧಿಸಲಾಗಿತ್ತು. ಅದಕ್ಕೆ ಒದಗಿಸಿದ ಸ್ಮರಣಕೋಶ ಕಿರಿದು. ಎರಡೂ ಓಡುತ್ತಿದ್ದ ಯಂತ್ರಗಳ ಜಾತಿಯೇ ಬೇರೆ. 2018ರಲ್ಲಿ ಸಮಯದ ನಿಯಮ ತಿದ್ದಿ ಸಾವಿರ ಆಟಗಳನ್ನು ಆಡಿಸಿದಾಗ ಆಲ್ಫಾಜೀರೊ 155 ಗೆದ್ದು 6 ಸೋತಿತು. ಮೇಲುಗೈ ನಿಜವೇ. ಆದರೆ ನೂರಕ್ಕೆ 64ರಷ್ಟಿದ್ದ ಅಂಕ 57ರ ಆಸುಪಾಸಿಗೆ ಇಳಿಯಿತು.

ಆಟಗಳ ಸಂಖ್ಯೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಸಮಬಲದ ಎರಡು ತಂತ್ರಾಂಶಗಳು ಡ್ರಾ ಇಲ್ಲದ ಹತ್ತು ಆಟ ಆಡಿದರೆ, ಅವುಗಳಲ್ಲೊಂದು ಏಳು ಅಥವಾ ಹೆಚ್ಚು ಆಟ ಗೆಲ್ಲುವ ಸಂಭವ ಮೂರರಲ್ಲಿ ಒಂದು. ನೂರು ಆಟಗಳಲ್ಲಿ ಎಪ್ಪತ್ತು ಗೆಲ್ಲುವ ಸಂಭವವಾದರೋ ಹತ್ತು ಸಾವಿರದಲ್ಲಿ ಒಂದಕ್ಕೂ ಕಡಿಮೆ. ಆದುದರಿಂದಲೇ ಸ್ಟಾಕ್‌ಫಿಶ್‌ನ ನಿರ್ಮಾತೃಗಳು 2013ರಿಂದ ಪ್ರತಿಯೊಂದು ತಿದ್ದುಪಡಿಯನ್ನೂ ಸ್ವಯಂಸೇವಕರ ಕಂಪ್ಯೂಟರುಗಳಲ್ಲಿ ಸಾವಿರಾರು ಆಟಗಳ ಮೂಲಕ ಒರೆಗೆ ಹಚ್ಚುತ್ತ ಬಂದಿದ್ದಾರೆ. ಒಂದೇ ಆರಂಭವನ್ನು ಎರಡು ಬಾರಿ, ಬಿಳಿ–ಕಪ್ಪು ಬದಲಿಸಿ ಆಡಿಸುತ್ತಾರೆ. ಸಾಕಷ್ಟು ಸಾಕ್ಷ್ಯ ದೊರೆತೊಡನೆ ಪರೀಕ್ಷೆ ನಿಲ್ಲುತ್ತದೆ. ಯಾವ ಸರ್ಕಾರಿ ಮೌಲ್ಯಮಾಪನದಲ್ಲೂ ಇಷ್ಟು ನಿಷ್ಠುರತೆಯನ್ನು ನಾನು ಕಂಡಿಲ್ಲ.

ಇದರ ಫಲ ಉಚಿತ. ಹೆಮ್ಮಾಡಿಯ ಶಾಲಾ ಬಾಲಕನೂ ತಂದೆಯ ಮೊಬೈಲಿನಲ್ಲಿ ಅದನ್ನು ಇಳಿಸಿಕೊಳ್ಳಬಹುದು. ಹೀಗಿರುವಾಗ '3600 ರೇಟಿಂಗ್' ಎಂಬ ಜಾಹೀರಾತು ನಂಬಿ ಪೋಷಕರು ದುಬಾರಿ ತಂತ್ರಾಂಶಕ್ಕೆ ಹಣ ತೆರಬೇಕಾಗಿಲ್ಲ. ಆ ಅಂಕಿ ಯಂತ್ರಗಳು ತಮ್ಮತಮ್ಮಲ್ಲೇ ಆಡಿ ಪಡೆದದ್ದು. 2014ರಲ್ಲಿ ಕಾರ್ಲ್‌ಸನ್ ಮುಟ್ಟಿದ 2882ರ ಪಕ್ಕದಲ್ಲಿ ಅದನ್ನಿಟ್ಟು ಕಳೆಯುವ ಲೆಕ್ಕ ಮಾಡುವುದು ಎರಡು ಬೇರೆ ಮೂಲವರ್ಷಗಳ ಬೆಲೆ ಸೂಚ್ಯಂಕಗಳನ್ನು ಹೋಲಿಸಿದಂತೆ.

ಚದುರಂಗದಲ್ಲಿ ತಪ್ಪಳತೆಯಿಂದ ಯಾರಿಗೂ ಅಪಾಯವಿಲ್ಲ. ಆದರೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈಗ ಆಸ್ಪತ್ರೆ, ಬ್ಯಾಂಕು, ಕಚೇರಿಗಳಿಗೂ ಕಾಲಿಟ್ಟಿವೆ. ಅಲ್ಲಿ ಮಾರುವವನೇ ಪರೀಕ್ಷಕನೂ ಆಗಿರುವುದುಂಟು: ಪ್ರಶ್ನೆ ಅವನದೇ, ಯಂತ್ರ ಅವನದೇ, ಎದುರಾಳಿಯ ಆಯ್ಕೆಯೂ ಅವನದೇ. ಟೆಂಡರು ಕರೆಯುವ ಅಧಿಕಾರಿ ಕನಿಷ್ಠ ಮೂರು ಷರತ್ತುಗಳನ್ನಾದರೂ ಬರೆಯಿಸಿಕೊಳ್ಳಲಿ. ಪರೀಕ್ಷೆಯ ಮಾದರಿಗಳನ್ನು ಇಲಾಖೆಯೇ ಆರಿಸಬೇಕು, ಸ್ಪರ್ಧಿಗಳೆಲ್ಲರಿಗೂ ಒಂದೇ ಯಂತ್ರ ಹಾಗೂ ಒಂದೇ ಸಮಯ ಸಿಗಬೇಕು, ಸೋತ ಪ್ರಯತ್ನಗಳ ಲೆಕ್ಕವೂ ಕಡತದಲ್ಲಿ ಉಳಿಯಬೇಕು.