ಬೀಡಿ ಸೇದಿದವನ ಜೊತೆ ಡಬ್ಬಿ ಇಟ್ಟವರಿಗೂ ದಂಡ ಬೀಳಲಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ತಂಬಾಕು ನಿಯಂತ್ರಣ ಸಮನ್ವಯ ಸಮಿತಿ

ವಿಷಯ: ಕೆಲಸದ ಸ್ಥಳದಲ್ಲಿ ಧೂಮಪಾನ ತಡೆಯದ ಮಾಲೀಕರು, ಮೇಲ್ವಿಚಾರಕರ ಮೇಲೆ ಕ್ರಮ ಕೋರಿ.

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾವು ಸಿದ್ಧ ಉಡುಪು ಕಾರ್ಖಾನೆಯೊಂದರ ಟೈಲರ್‌ಗಳು, ಹೆಲ್ಪರ್‌ಗಳು. ಕಳೆದ ತಿಂಗಳು ತನಿಖಾ ದಳ ಬಂದಾಗ ಗೋದಾಮಿನ ಥಾನುಗಳ ಮರೆಯಲ್ಲಿ ಬೀಡಿ ಹಚ್ಚಿದ್ದ ಲೋಡಿಂಗ್ ಹುಡುಗ ಸಿಕ್ಕಿಬಿದ್ದು ದಂಡ ಕಟ್ಟಿದ. ತಪ್ಪು ಅವನದೇ, ಬಟ್ಟೆ ರಾಶಿಯ ನಡುವೆ ಬೆಂಕಿಕಡ್ಡಿ ಗೀರಿದವನ ಪರ ನಾವು ವಾದಿಸುವುದಿಲ್ಲ.

ಆದರೆ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಮಷಿನ್ ಆಯಿಲ್‌ನ ಡಬ್ಬಿಯೊಂದನ್ನು ಅರ್ಧಕ್ಕೆ ಕತ್ತರಿಸಿ, ಮರಳು ತುಂಬಿ ಇಡಲಾಗಿದೆ. ಅದರ ತುಂಬ ಫಿಲ್ಟರ್ ಸಿಗರೇಟಿನ ತುಂಡುಗಳು. ಹೆಲ್ಪರ್ ಸಂಬಳದಲ್ಲಿ ಯಾರೂ ಆ ಸಿಗರೇಟು ಸೇದುವುದಿಲ್ಲ. ದಳದವರು ಅದರ ಪಕ್ಕದಲ್ಲೇ ಹತ್ತಿ ಇಳಿದರು. ಹೊಗೆ ತಡೆಯಲಾರದೆ ಹೇಳಿಕೊಂಡ ಗರ್ಭಿಣಿ ಟೈಲರ್‌ಗೆ ಸಿಕ್ಕ ಉತ್ತರ: "ಕರ್ಚೀಫ್ ಕಟ್ಟಿಕೊಳ್ಳಮ್ಮ."

2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಕೆಲಸದ ಸ್ಥಳವೂ ಸಾರ್ವಜನಿಕ ಸ್ಥಳವೇ. ಅಲ್ಲಿ ಯಾರೂ ಧೂಮಪಾನ ಮಾಡದಂತೆ ನೋಡಿಕೊಳ್ಳುವುದು ಮಾಲೀಕ, ಮ್ಯಾನೇಜರ್, ಸೂಪರ್‌ವೈಸರ್‌ಗಳ ಹೊಣೆ. ಬೂದಿ ಡಬ್ಬಿ, ಬೆಂಕಿಪೊಟ್ಟಣ, ಲೈಟರ್ ಒದಗಿಸುವಂತಿಲ್ಲ. ದೂರು ಬಂದರೂ ಸುಮ್ಮನಿದ್ದರೆ ಎಷ್ಟು ಉಲ್ಲಂಘನೆಗಳೋ ಅಷ್ಟು ದಂಡ ಅವರೇ ಕಟ್ಟಬೇಕು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು. ಏರಿದ ದಂಡದ ಬಿಸಿ ನಮ್ಮಲ್ಲಿ ಈವರೆಗೆ ತಟ್ಟಿರುವುದು ಆ ಹುಡುಗನೊಬ್ಬನಿಗೆ.

ಸಾಲದೆಂಬಂತೆ ಆಡಳಿತ ವರ್ಗ ಅವನ ಒಂದು ದಿನದ ಕೂಲಿಯನ್ನೂ ಮುರಿದುಕೊಂಡಿದೆ. ಅವನ ವಿವರಣೆ ಕೇಳಲಿಲ್ಲ. ವೇತನ ಕಾನೂನಿನಡಿ ವಿವರಣೆಗೆ ಅವಕಾಶ ಕೊಡದೆ ದಂಡ ಹಾಕುವಂತಿಲ್ಲ. ಹಾಕಿದರೂ ಆ ಅವಧಿಯ ವೇತನದ ಶೇ. 3 ದಾಟುವಂತಿಲ್ಲ. ತಿಂಗಳಿಗೆ 26 ದಿನ ದುಡಿಯುವವನಿಗೆ ಒಂದು ದಿನದ ಕೂಲಿ ಎಂದರೆ ಶೇ. 3ಕ್ಕಿಂತ ಹೆಚ್ಚೇ ಆಯಿತು.

ಆದ್ದರಿಂದ ಮೆಟ್ಟಿಲಿನ ಡಬ್ಬಿಯ ಬಗ್ಗೆ ಮಹಜರು ನಡೆಸಿ, ಅದನ್ನು ಇರಗೊಟ್ಟವರಿಂದ ದಂಡ ವಸೂಲಿ ಮಾಡಬೇಕು. ಮುಂದಿನ ತಪಾಸಣೆಗಳಲ್ಲಿ ಸೇದಿದವರ ಹೆಸರಿನ ಜೊತೆ ಆ ವಿಭಾಗದ ಉಸ್ತುವಾರಿಯ ಹೆಸರೂ ದಾಖಲಾಗಬೇಕು. ಮುರಿದ ಕೂಲಿ ವಾಪಸು ಕೊಡಿಸಲು ಕಾರ್ಮಿಕ ಇಲಾಖೆಗೆ ಬರೆಯಬೇಕು. ಗೇಟಿನ ಬಳಿ ಧೂಮಪಾನ ನಿಷೇಧದ ಫಲಕವೇನೋ ಇದೆ. ಆದರೆ ದೂರು ಯಾರಿಗೆ ಕೊಡಬೇಕು ಎಂಬ ಸಾಲಿನ ಮುಂದಿನ ಜಾಗ ಹಾಕಿದ ದಿನದಿಂದ ಖಾಲಿ. ಅಲ್ಲಿ ಹೆಸರು, ಫೋನ್ ನಂಬರ್ ಬರೆಸಬೇಕು. ದೂರು ಕೊಟ್ಟವರನ್ನು ಬ್ಯಾಚ್ ಬದಲಿಸಿ ಸತಾಯಿಸದಂತೆ ಲಿಖಿತ ಸೂಚನೆಯನ್ನೂ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕಾರ್ಖಾನೆಯ ಕಾರ್ಮಿಕರು

ಲಗತ್ತು: ಸಹಿಗಳ ಪಟ್ಟಿ, ಡಬ್ಬಿ ಮತ್ತು ಫಲಕದ ಫೋಟೊಗಳು