ಎಲ್ಲಕ್ಕೂ ಒಂದೇ ನಿಘಂಟು

ಈ ಸಲ ನಿಮ್ಮನ್ನು ಗಣಿತದ ಅಂಗಳಕ್ಕೆ ಕರೆದುಕೊಂಡು ಹೋಗುತ್ತೇನೆ. ದಯವಿಟ್ಟು ಪುಟ ತಿರುಗಿಸಬೇಡಿ! ಸಾಹಿತ್ಯ ಓದಿದ ನನಗೇ ರುಚಿಸಿದ ವಿಷಯವಿದು.

ಸಂಖ್ಯೆಗಳನ್ನು ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದರೆ ಅದು ಮ್ಯಾಟ್ರಿಕ್ಸ್. 1850ರಲ್ಲಿ ಈ ಹೆಸರಿಟ್ಟವರು ಇಂಗ್ಲೆಂಡಿನ ಸಿಲ್ವೆಸ್ಟರ್. ಚೌಕಾಕಾರದ ಮ್ಯಾಟ್ರಿಕ್ಸ್ ಒಂದು ಚಲನೆಯನ್ನು ಹೇಳುತ್ತದೆ: ತಿರುಗಿಸು, ಹಿಗ್ಗಿಸು ಎಂದು. ಅಳೆಯುವ ದಿಕ್ಕು ಬದಲಾದರೆ ಅದೇ ಚಲನೆಗೆ ಬೇರೆ ಸಂಖ್ಯೆಗಳು ಬರುತ್ತವೆ. ಒಂದೇ ಸಂಗತಿಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಹೇಳಿದ ಹಾಗೆ. ಇಂಥ ಎರಡು ಮ್ಯಾಟ್ರಿಕ್ಸ್‌ಗಳನ್ನು ಸದೃಶ ಎನ್ನುತ್ತಾರೆ. ಒಂದನ್ನು ಇನ್ನೊಂದಕ್ಕೆ ಅನುವಾದಿಸುವ ನಿಘಂಟೂ ಒಂದು ಮ್ಯಾಟ್ರಿಕ್ಸೇ.

ಈಗ ಎಡಗಡೆ ಎರಡು, ಬಲಗಡೆ ಎರಡು ಇವೆ ಎನ್ನಿ. ಎಡದ ಎರಡರಲ್ಲೂ ಕರ್ಣದಲ್ಲಿ 1, 2, ಉಳಿದೆಡೆ ಸೊನ್ನೆ. ಬಲದ ಮೊದಲನೆಯದರಲ್ಲಿ 1, 2. ಎರಡನೆಯದರಲ್ಲಿ 2, 1. ಒಂದೊಂದಾಗಿ ನೋಡಿದರೆ ಜೋಡಿಗಳು ಸದೃಶವೇ. ಆದರೆ ಎಡದವು ಎರಡೂ ಒಂದೇ, ಬಲದವು ಬೇರೆ ಬೇರೆ! ಯಾವ ನಿಘಂಟು ತಾನೇ ಒಂದೇ ಮಾತನ್ನು ಎರಡಾಗಿ ಅನುವಾದಿಸೀತು? ಎಲ್ಲಕ್ಕೂ ಒಂದೇ ನಿಘಂಟು ಹೊಂದಬೇಕು. ಅದೇ ಏಕಕಾಲಿಕ ಸಾದೃಶ್ಯ.

ಪರೀಕ್ಷಿಸುವುದು ಹೇಗೆ? ನಿಘಂಟಿನ ಪ್ರತಿ ಮನೆಯನ್ನೂ ಅಜ್ಞಾತವೆಂದು ಹಿಡಿಯಿರಿ. ಎಡದ ಮ್ಯಾಟ್ರಿಕ್ಸನ್ನು ನಿಘಂಟಿನಿಂದ ಗುಣಿಸಿದರೂ, ನಿಘಂಟನ್ನು ಬಲದ ಮ್ಯಾಟ್ರಿಕ್ಸಿನಿಂದ ಗುಣಿಸಿದರೂ ಒಂದೇ ಉತ್ತರ ಬರಬೇಕು. ಇದರಿಂದ ಹುಟ್ಟುವುದು ಶಾಲೆಯಲ್ಲಿ ಬಿಡಿಸಿದಂಥ ಸರಳ ಸಮೀಕರಣಗಳು. ಹತ್ತು ಸಾಲಿನದಕ್ಕೆ 100 ಅಜ್ಞಾತಗಳು, ಅಷ್ಟೇ. ಆದರೆ ಬರೀ ಸೊನ್ನೆಗಳ ನಿಘಂಟು ಯಾವಾಗಲೂ ಉತ್ತರವಾಗುತ್ತದೆ. ಖಾಲಿ ಪುಸ್ತಕವನ್ನು ನಿಘಂಟೆನ್ನಲಾದೀತೇ? ಹಿಂದಕ್ಕೂ ಅನುವಾದಿಸುವಂಥದ್ದು, ಅಂದರೆ ವಿಲೋಮವಿರುವಂಥದ್ದು ಬೇಕು. ಮೇಲಿನ ಉದಾಹರಣೆಯಲ್ಲಿ ಸಿಗುವುದು ಆ ಖಾಲಿ ಪುಸ್ತಕವೊಂದೇ. ಉತ್ತರಗಳು ಅನೇಕವಿದ್ದರೆ ಮನಬಂದಂತೆ ಒಂದನ್ನು ಆರಿಸಿ ನೋಡಬಹುದು. ಅದೃಷ್ಟವನ್ನು ನಂಬದೆಯೂ ಬೇಗ ಪರೀಕ್ಷಿಸುವ ದಾರಿಯನ್ನು 1997ರಲ್ಲಿ ಚಿಸ್ತೋವ್, ಇವಾನ್ಯೋಶ್, ಕಾರ್ಪಿನ್‌ಸ್ಕಿ ತೋರಿಸಿದರು.

ಸೋಜಿಗವೆಂದರೆ, ಇಂಥ ಜೋಡಿಗಳು ಒಟ್ಟು ಎಷ್ಟು ಬಗೆ ಎಂದು ಪಟ್ಟಿ ಮಾಡುವುದು ಗಣಿತಜ್ಞರ ಪಾಲಿಗೂ ಕಗ್ಗಾಡು. ಆದರೆ ಕೈಯಲ್ಲಿರುವ ಎರಡು ಒಂದೇ ಬಗೆಯವೋ ಅಲ್ಲವೋ ಎಂದು ಹೇಳಬಹುದು.

ಪರಊರಲ್ಲಿರುವ ನಮಗೂ ಇದರಲ್ಲೊಂದು ಮಾತಿದೆ. ನಮ್ಮ ಮನೆಯ ರೂಢಿಗೆ ‘ಸಂಪ್ರದಾಯ’, ಪಕ್ಕದ ಮನೆಯ ರೂಢಿಗೆ ‘ಹಠ’ ಎಂದು ಅರ್ಥ ಹೇಳುವಾಗ ನಾವು ನಿಘಂಟು ಬದಲಾಯಿಸುತ್ತಿರುತ್ತೇವೆ, ಅಲ್ಲವೇ? ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಮೇಲಿನ ಲೆಕ್ಕವನ್ನು ಕೊಟ್ಟು ನೋಡಿ. ಬಿಡಿಸಲು ಹತ್ತು ನಿಮಿಷ ಸಾಕು.