ಕಾರ್ ಶೆಡ್ಡಿಗೆ ಟೈಲ್ಸ್ ಹಾಕಿದ್ರೆ ಮನೆ ಆಗಲ್ಲ ಸ್ವಾಮಿ!

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಯ್ತು. ಆಫೀಸು, ರಿಲೀಸು ಅಂತ ನೆಪ ಹೇಳಬಹುದು, ನಿಜ ಹೇಳಬೇಕಂದ್ರೆ ಸೋಮಾರಿತನ :) ಇವತ್ತು ಬರೆಸ್ತಿರೋದು ಕೋಪ. ಅರ್ಧ ಕೋಪ ನಮ್ಮ ಏರಿಯಾದ ಮೇಲೆ, ಇನ್ನರ್ಧ ನನ್ನ ಮೇಲೇ.

ಕುರುಬರಹಳ್ಳಿಯ ಯಾವ ಕ್ರಾಸಿಗೆ ಬೇಕಾದ್ರೂ ಹೋಗಿ ನೋಡಿ. 20×30 ಸೈಟು, ಮೇಲೆ ಎರಡೋ ಮೂರೋ ಮಹಡಿ, ಕೆಳಗೊಂದು ಕಾರ್ ಶೆಡ್ಡು. ಆ ಶೆಡ್ಡಿಗೆ ಒಂದು ಗೋಡೆ, ಒಂದು ಕಿಟಕಿ, ಮೂಲೆಯಲ್ಲಿ ಬಾತ್‌ರೂಮು, ನೆಲಕ್ಕೆ ಫಳಫಳ ಟೈಲ್ಸು. ಗೇಟಿಗೆ 'ಟು ಲೆಟ್' ಬೋರ್ಡು. ಆಯ್ತಲ್ಲ ಮನೆ! ಕಾರು ರಸ್ತೇಲಿ, ಮನುಷ್ಯರು ಶೆಡ್ಡಲ್ಲಿ.

ನಮ್ಮನೇದೂ ಅದೇ ಕತೆ. ಅಪ್ಪ ರಿಟೈರಾದ ಮೇಲೆ ಹಳೇ ಕಾರು ಮಾರಿ ಶೆಡ್ಡನ್ನು ರೂಮು ಮಾಡಿಸೋಣ ಅಂದ್ರು. "ನೀನು ಇಂಜಿನಿಯರ್ ತಾನೆ, ಸ್ವಲ್ಪ ನೋಡ್ಕೊಳ್ಳೋ" ಅಂದ್ರು. ಓದಿದ್ದು ಕಂಪ್ಯೂಟರ್ ಸೈನ್ಸು, ಅಪ್ಪನ ಲೆಕ್ಕದಲ್ಲಿ ಎಲ್ಲಾ ಇಂಜಿನಿಯರೂ ಒಂದೇ. ಮೇಸ್ತ್ರಿ "ಹಳೇ ನೆಲದ ಮೇಲೇ ಟೈಲ್ಸ್ ಹಾಕಿಬಿಡೋಣ ಸಾರ್" ಅಂದ. ನಾನೂ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೂಂ ಅಂದೆ.

ಆ ಹೂಂ ಅಂದಿದ್ದರ ಫಲ ಅನುಭವಿಸಿದ್ದು ನಾನಲ್ಲ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗೋ ದಂಪತಿ ಬಂದ್ರು, ಒಂಬತ್ತು ತಿಂಗಳ ಮಗು. ಮಳೆಗಾಲ ಶುರುವಾದ ಮೇಲೆ ಹಾಸಿಗೆಯ ಅಡಿಭಾಗ ಒದ್ದೆ. ಗೋಡೆ ಬುಡದಲ್ಲಿ ಬಿಳೀ ಉಪ್ಪು. ಆಯಮ್ಮ ಒಂದಿನ ನನಗೆ ಹೇಳಿದ್ದು ಇಷ್ಟೇ: "ತಪ್ಪು ತಿಳ್ಕೋಬೇಡಿ ಅಣ್ಣ, ಮಗೂನ ನೆಲದ ಮೇಲೆ ಬಿಡಕ್ಕಾಗ್ತಿಲ್ಲ." ಅಂಬೆಗಾಲಿಡೋ ವಯಸ್ಸಿನ ಮಗು! ಕೊನೆಗೆ ಅವರು ಖಾಲಿ ಮಾಡಿದ್ರು. ನಾವು ಅಡ್ವಾನ್ಸಿನಲ್ಲಿ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡ್ವಿ. ಗೋಡೆಗೆ ಉಪ್ಪು ಬರಿಸಿದ್ದು ನಾವು, ದುಡ್ಡು ತೆತ್ತಿದ್ದು ಅವರು.

ಅವತ್ತಿಂದ ಇದರ ಹಿಂದೆ ಬಿದ್ದು ಓದಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ವಾಸದ ಕಟ್ಟಡದ ನೆಲ ಸುತ್ತಲ ಭೂಮಿಗಿಂತ ಕನಿಷ್ಠ 450 ಮಿ.ಮೀ. ಎತ್ತರದಲ್ಲಿರಬೇಕು. ಗ್ಯಾರೇಜಿಗೆ 150 ಮಿ.ಮೀ. ಸಾಕು. ವಾಸದ ಕೋಣೆಗೆ ಸೂರಿನ ಎತ್ತರ 2.75 ಮೀಟರ್, ಗ್ಯಾರೇಜಿಗೆ 2.4 ಮೀಟರ್. ಅಂದ್ರೆ ಕಾರಿಗೂ ಮನುಷ್ಯನಿಗೂ ಇರೋ ವ್ಯತ್ಯಾಸ ಕೆಳಗೊಂದು ಅಡಿ, ಮೇಲೊಂದು ಅಡಿ. ನಾವೆಲ್ಲ ಬಾಡಿಗೆ ಎಣಿಸ್ತಿರೋದು ಆ ಎರಡು ಅಡಿ ಕದ್ದು.

ಸಿಮೆಂಟು ನೆಲ ನೋಡೋಕೆ ಗಟ್ಟಿ, ಒಳಗೆಲ್ಲ ಕಣ್ಣಿಗೆ ಕಾಣದ ತೂತು. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣಿನ ತೇವವನ್ನ ಮೇಲಕ್ಕೆಳೆಯುತ್ತೆ. ಜೊತೆಗೆ, ನೀರು ಆಚೆ ಹೋಗ್ಲಿ ಅಂತ ಶೆಡ್ಡಿನ ನೆಲವನ್ನ ಗೇಟಿನ ಕಡೆ ಇಳಿಜಾರು ಮಾಡಿರ್ತಾರೆ. ನೂರಕ್ಕೆ ಒಂದರ ಇಳಿಜಾರು ಅಂದ್ರೂ ಹದಿನಾರು ಅಡಿಗೆ ಹತ್ತಿರ ಹತ್ತಿರ ಎರಡು ಇಂಚು. ನಮ್ಮ ಮೇಸ್ತ್ರಿ ರಸಮಟ್ಟ ಇಟ್ಟು ಲೆವೆಲ್ ಮಾಡಿದ್ದೇನೋ ನಿಜ, ಆದ್ರೆ ತಗ್ಗಿಗೆ ತುಂಬಿದ್ದು ಮರಳು ಜಾಸ್ತಿ ಸಿಮೆಂಟು ಕಮ್ಮಿ ಗಾರೆ. ಅದು ಟೈಲ್ಸಿನಡಿ ನೀರು ಕುಡಿದು ಕೂತ ಸ್ಪಾಂಜು. ಮೇಲೆ ಒರೆಸಿದಷ್ಟೂ ಕೆಳಗಿಂದ ಬರುತ್ತೆ.

ಸರಿಯಾಗಿ ಮಾಡೋದು ಹೇಗೆ? ಹಳೇ ನೆಲ ಒಡೆದು, ಮಣ್ಣು ದಮ್ಮಸ್ಸು ಮಾಡಿ, ದಪ್ಪ ಜಲ್ಲಿ ಹರಡಬೇಕು. ಜಲ್ಲಿಯ ಸಂದು ದೊಡ್ಡದು, ತೇವ ಅಲ್ಲಿ ಹತ್ತಲ್ಲ. ಅದರ ಮೇಲೆ ತೆಳ್ಳಗೆ ಮರಳು, ಮೇಲೆ 250 ಮೈಕ್ರಾನಿನ ಪಾಲಿಥೀನ್ ಶೀಟು, ಅಂಚು ಗೋಡೆಗೆ ಹತ್ತಿಸಿ. ಆಮೇಲೆ ನಾಲ್ಕಿಂಚು ಕಾಂಕ್ರೀಟು, ಕ್ಯೂರಿಂಗು, ಕೊನೆಗೆ ಟೈಲ್ಸು. ಆನ್‌ಸೈಟಿಗೆ ಇಂಗ್ಲೆಂಡಿಗೆ ಹೋದ ಗೆಳೆಯನ ಮನೆಯೂ ಹಳೇ ಗ್ಯಾರೇಜೇ. ಅಲ್ಲಿ ಇದರ ಜೊತೆ ಚಳಿ ತಡೆಯೋ ಫೋಮ್ ಹಲಗೆಯನ್ನೂ ಹಾಕಿದ್ದಾರೆ. ನಮ್ಮ ಬೆಂಗಳೂರಿನ ಚಳಿಗೆ ಅದು ಬೇಡ. ಆದ್ರೆ ತೇವ ತಡೆಯೋ ಆ ಹಾಳೆ ಇಲ್ಲೂ ಬೇಕು, ಅದು ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಮಾನು!

ಆದ್ರೆ ರಸ್ತೆ? ಹಳೇ ಡಾಂಬರು ಕೆರೆಯದೆ ಮೇಲೆ ಮೇಲೆ ಬಳಿದ್ರೆ ಒಂದು ಸಲಕ್ಕೆ 30-40 ಮಿ.ಮೀ. ಏರುತ್ತೆ. ನಾಲ್ಕೈದು ಸಲಕ್ಕೆ ಗ್ಯಾರೇಜಿನ 150 ಮಿ.ಮೀ. ಮಾಯ. ಮೊನ್ನೆ ಲೆವೆಲ್ ಟ್ಯೂಬು ಹಿಡಿದು ನೋಡಿದೆ. ರಸ್ತೆಯೇ ನಮ್ಮ ಶೆಡ್ಡಿನ ನೆಲಕ್ಕಿಂತ ಎರಡಿಂಚು ಮೇಲಿದೆ.

2017ರ ಅಕ್ಟೋಬರ್ 13ರ ರಾತ್ರಿ ನೆನಪಿದೆಯಾ? ಒಂದೇ ಮಳೆಗೆ ನಗರದಲ್ಲಿ ಐದು ಜನ ಸತ್ರು. ನಮ್ಮ ಕುರುಬರಹಳ್ಳಿಯಲ್ಲೇ ಗೋಡೆ ಕುಸಿದು ದಂಪತಿ ಹೋದ್ರು, ದೇವಸ್ಥಾನದ ಅರ್ಚಕರೊಬ್ಬರು ಕಾಲುವೆಯಲ್ಲಿ ಕೊಚ್ಚಿಹೋದ್ರು. ನಾನಾಗ ಇಂಜಿನಿಯರಿಂಗ್ ಓದ್ತಿದ್ದೆ. ಶೆಡ್ಡಿನಲ್ಲಿ ಮೊಣಕಾಲುದ್ದ ನೀರು. ಮುಳುಗಿದ್ದು ಕಾರು, ಕಾರಿಗೆ ಜೀವ ಇಲ್ಲ. ಅದನ್ನ ಕಣ್ಣಾರೆ ನೋಡಿದ ನಾವೇ ಮುಂದೆ ಅದೇ ಜಾಗದಲ್ಲಿ ಮಗು ಮಲಗಿಸೋಕೆ ದುಡ್ಡು ಇಸ್ಕೊಂಡ್ವಿ.

"ನಿನಗೆ ಐಟಿ ಸಂಬಳ ಬರುತ್ತೆ, ಮಾತಾಡ್ತೀಯ. ಶೆಡ್ಡುಗಳೂ ಇಲ್ದಿದ್ರೆ ಬಡವರು ಎಲ್ಲಿಗೆ ಹೋಗ್ಬೇಕು?" ಅಂತಾರೆ ಅಪ್ಪ. ಮಾತಲ್ಲಿ ಹುರುಳಿಲ್ಲ ಅನ್ನಲ್ಲ. ಆದ್ರೆ ಕಮ್ಮಿ ಬಾಡಿಗೆಗೆ ಚಿಕ್ಕ ಮನೆ ಕೊಡಬಹುದು, ಒದ್ದೆ ಮನೆ ಕೊಡೋದು ಯಾವ ನ್ಯಾಯ? ಪಕ್ಕದ ಬೀದಿಯ ಓನರೊಬ್ಬರು ಇನ್ನೂ ಅಕ್ರಮ-ಸಕ್ರಮ ಕಾಯ್ತಿದ್ದಾರೆ. ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿದ್ದು 2017ರ ಜನವರಿಯಲ್ಲಿ. ದಂಡ ಕಟ್ಟಿದ್ರೆ ಕಾಗದ ಸಕ್ರಮ ಆಗಬಹುದು. ನೆಲದ ತೇವಕ್ಕೆ ರಸೀದಿ ಓದೋಕೆ ಬರಲ್ಲ.

ನಮ್ಮ ಶೆಡ್ಡಿನ ಲೆಕ್ಕ ಹೀಗಿದೆ: ಸೂರು ಎಂಟಡಿ. ನೆಲವನ್ನ ರಸ್ತೆಗಿಂತ ಮೇಲೆತ್ತಿ 450 ಮಿ.ಮೀ. ಕೊಟ್ರೆ ಆರಡಿ ಚಿಲ್ಲರೆ ಉಳಿಯುತ್ತೆ. ಫ್ಯಾನು ಹಾಕಿದ್ರೆ ತಲೆ ಹೋಗುತ್ತೆ. ಹಾಗಾಗಿ ಅದು ಮನೆ ಆಗಲ್ಲ, ಅಷ್ಟೆ. ಬೋರ್ಡು ಕಿತ್ತು ಸ್ಕೂಟರುಗಳನ್ನ ಒಳಗೆ ನಿಲ್ಲಿಸಿದೆ. ಮುರ್ಕೊಂಡ ದುಡ್ಡನ್ನ ಆ ದಂಪತಿಗೆ ಕಳಿಸಿದೆ. ಅಪ್ಪ ಮಾತು ಬಿಟ್ಟಿಲ್ಲ, ಕಮ್ಮಿ ಮಾಡಿದ್ದಾರೆ.

ನಿಮ್ಮನೆಯಲ್ಲೂ ಶೆಡ್ಡು-ಮನೆ ಇದ್ರೆ ಒಂದು ಕೆಲಸ ಮಾಡಿ. ಟೈಲ್ಸ್ ಹಾಕೋ ಮುಂಚೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನ ನೆಲಕ್ಕೆ ನಾಲ್ಕೂ ಕಡೆ ಟೇಪು ಹಚ್ಚಿ ಅಂಟಿಸಿ, ಒಂದು ದಿನ ಬಿಡಿ. ಕಿತ್ತಾಗ ಒಳಗೆ ಹನಿ ಕಂಡ್ರೆ ಬೋರ್ಡು ಹಾಕಬೇಡಿ. ಟೈಲ್ಸ್ ಆಗಲೇ ಹಾಕಿದ್ರೆ ಇನ್ನೂ ಸುಲಭ, ಒಂದು ಮಳೆಗಾಲದ ರಾತ್ರಿ ಅಲ್ಲಿ ಚಾಪೆ ಹಾಸಿ ನೀವೇ ಮಲಗಿ ನೋಡಿ.

ಏನಂತೀರಿ?